ಫ್ಲೋರಿಡಾದ ಕಾಲುವೆ ದಂಡೆಯ ಮನೆ: "ಎರಡು ಚಂಡಮಾರುತ ಕಂಡ ಮನೆ" ಎಂಬ ಮಾತನ್ನು ನಂಬಬಹುದೇ?

ಹೊಸಬಾಗಿಲು:
ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಮ್ಮ ಕುಟುಂಬ ಒಹಾಯೋದಿಂದ ಫ್ಲೋರಿಡಾದ ಲೀ ಕೌಂಟಿಗೆ ಬರುತ್ತಿದೆ. ಕೇಪ್ ಕೋರಲ್ ಊರಿನ ದಕ್ಷಿಣ ಭಾಗದಲ್ಲಿ, ಹಿತ್ತಿಲಿಗೆ ತಾಗಿಕೊಂಡೇ ಕಾಲುವೆ ಇರುವ ಒಂದು ಒಂಟಿ ಅಂತಸ್ತಿನ ಮನೆ ನಮಗೆ ಹಿಡಿಸಿದೆ. 1970ರ ದಶಕದಲ್ಲಿ ಕಟ್ಟಿದ ಮನೆಯಾದರೂ ಒಳಗಿನ ಗೋಡೆ, ನೆಲಹಾಸು, ಅಡುಗೆಮನೆಯ ಕಪಾಟುಗಳು ಎಲ್ಲವೂ ಹೊಚ್ಚಹೊಸದಾಗಿವೆ. "2004ರ ಚಾರ್ಲಿಯನ್ನೂ 2022ರ ಇಯಾನ್ ಅನ್ನೂ ಕಂಡು ನಿಂತಿರುವ ಮನೆ ಇದು, ಇನ್ನು ಹೆದರುವುದೇನಿದೆ" ಎಂದು ಮಾರಾಟದ ಏಜೆಂಟರು ಹೇಳುತ್ತಾರೆ. ನಮ್ಮೊಂದಿಗೆ ಮಂಡಿನೋವಿನ ಅತ್ತೆಯವರಿದ್ದಾರೆ, ಅವರನ್ನು ಪದೇ ಪದೇ ಕಾರಿನಲ್ಲಿ ಕೂರಿಸಿಕೊಂಡು ಊರು ಬಿಡುವುದು ಸುಲಭವಲ್ಲ. ಚಂಡಮಾರುತ ಬಂದರೆ ಕಿಟಕಿಗಳಿಗೆ ಶಟರ್ ಹಾಕಿಕೊಂಡು ಇಂಥ ಮನೆಯೊಳಗೇ ಉಳಿಯಬಹುದೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೇಬೇರು:
ಸ್ವಾಗತ. ನಾನು ಪಕ್ಕದ ಫೋರ್ಟ್ ಮೈಯರ್ಸ್‌ಗೆ ಬಂದದ್ದು ಚಾರ್ಲಿಗೂ ಮೊದಲು. ಆ ಚಂಡಮಾರುತದ ಮಧ್ಯಾಹ್ನವನ್ನು ನಾವು ಮನೆಯ ನಡುಕೋಣೆಯಲ್ಲಿ ಹಾಸಿಗೆ ಒಡ್ಡಿಕೊಂಡು ಕುಳಿತೇ ಕಳೆದೆವು. ಒಂದಿಷ್ಟು ಹೆಂಚು ಹಾರಿದವು, ಈಜುಕೊಳದ ಜಾಲರಿ ಪಕ್ಕದ ಮನೆಯ ಅಂಗಳ ಸೇರಿತು, ಅಷ್ಟೇ. ಕಾಂಕ್ರೀಟ್ ಇಟ್ಟಿಗೆಯ ಮನೆಯಾದರೆ ಗಾಳಿಗೆ ತಡೆದುಕೊಳ್ಳುತ್ತದೆ. ಎಲ್ಲರೂ ಒಮ್ಮೆಲೇ ಹೊರಟು 75ನೇ ಹೆದ್ದಾರಿಯಲ್ಲಿ ಪೆಟ್ರೋಲ್ ಇಲ್ಲದೆ ಸಿಕ್ಕಿಕೊಳ್ಳುವುದೂ ಅಪಾಯವೇ. ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡ ಟಿವಿ ಚಾನೆಲ್‌ಗಳ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಕಂಬಿ-ಕಾಂಕ್ರೀಟು:
ಹಳೇಬೇರು ಅವರೇ, ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತಿದ್ದೇನೆ. 2022ರಲ್ಲಿ ಈ ಕೌಂಟಿಯ ಬಹಳಷ್ಟು ಹಳಬರು ಮನೆಯಲ್ಲೇ ಉಳಿದುಬಿಟ್ಟಿದ್ದಕ್ಕೆ ನೀವು ಹೇಳಿದ ಚಾರ್ಲಿಯ ನೆನಪೇ ಒಂದು ಕಾರಣ. ಎರಡೂ ಚಂಡಮಾರುತಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಕಾಯೊ ಕೋಸ್ಟಾ ದ್ವೀಪದ ಬಳಿ ನೆಲ ಮುಟ್ಟಿದವು. ಎರಡೂ ನಾಲ್ಕನೇ ವರ್ಗದವು, ನೆಲ ಮುಟ್ಟುವಾಗಿನ ಗಾಳಿಯ ವೇಗವೂ ಒಂದೇ, ಗಂಟೆಗೆ ಸುಮಾರು 240 ಕಿಲೋಮೀಟರ್. ಕಾಗದದ ಮೇಲೆ ಅವಳಿಗಳಂತೆ ಕಂಡರೂ ಅವು ಮಾಡಿದ ಕೆಲಸ ಬೇರೆ ಬೇರೆ. ಚಾರ್ಲಿ ಚಿಕ್ಕದು, ವೇಗವಾಗಿ ಹಾದುಹೋಯಿತು. ಇಯಾನ್ ಅಗಲವಾಗಿ ಹರಡಿಕೊಂಡು ನಿಧಾನವಾಗಿ ನಡೆಯಿತು. ಅಗಲವಾದ ಗಾಳಿ ಹೆಚ್ಚು ಹೊತ್ತು ಸಮುದ್ರವನ್ನು ದೂಡುತ್ತಲೇ ಇದ್ದರೆ, ಮತ್ತು ದಡದಾಚೆ ಬಹುದೂರದವರೆಗೆ ಕಡಲು ಆಳವಿಲ್ಲದೆ ಚಪ್ಪಟೆಯಾಗಿದ್ದರೆ, ಆ ನೀರಿಗೆ ಕೆಳಗಿಳಿದು ಹಿಂದಿರುಗಲು ದಾರಿಯಿಲ್ಲದೆ ಅದು ನೆಲದ ಮೇಲಕ್ಕೇ ಏರಿಬರುತ್ತದೆ. ನೈರುತ್ಯ ಫ್ಲೋರಿಡಾದ ಕಡಲತಳ ಇರುವುದು ಹಾಗೆಯೇ. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೆಲದಿಂದ 10ರಿಂದ 15 ಅಡಿಯವರೆಗೆ ನೀರು ನಿಂತದ್ದು ಈ ಕಾರಣಕ್ಕೆ.

ಒಂದರಿಂದ ಐದರವರೆಗಿನ ವರ್ಗಸಂಖ್ಯೆ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ, ನೀರಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಇಯಾನ್‌ನ ನೇರ ಹೊಡೆತಕ್ಕೆ ಅಮೆರಿಕದಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಹೀಗೆ ನೆಲಕ್ಕೇರಿ ಬರುವ ನೀರು, ಅಂದರೆ ಕಡಲುಬ್ಬರ. ಅವರಲ್ಲಿ ಬಹುಪಾಲು ಲೀ ಕೌಂಟಿಯವರು, ಹೆಚ್ಚಿನವರು ಹಿರಿಯರು.

1992ರ ಆಂಡ್ರ್ಯೂ ಚಂಡಮಾರುತದ ಪಾಠದಿಂದ ರೂಪುಗೊಂಡು 2002ರಲ್ಲಿ ಜಾರಿಗೆ ಬಂದ ರಾಜ್ಯದ ಕಟ್ಟಡ ಸಂಹಿತೆ ನಿಜಕ್ಕೂ ಗಟ್ಟಿಯಾದದ್ದು. ಚಾವಣಿಯನ್ನು ಗೋಡೆಗೆ ಬಿಗಿಯುವ ಲೋಹದ ಪಟ್ಟಿ, ಹಾರಿಬರುವ ವಸ್ತುಗಳ ಪೆಟ್ಟು ತಾಳುವ ಗಾಜು, ಗ್ಯಾರೇಜ್ ಬಾಗಿಲಿನ ಬಲ ಇವೆಲ್ಲ ಗಾಳಿಗೆ ಉತ್ತರ. ಆದರೆ ಒಂದು ಘನ ಮೀಟರ್ ಕಡಲನೀರು ಒಂದು ಟನ್ನಿಗಿಂತ ಭಾರ. ಅಲೆಗಳ ಸಮೇತ ಅದು ನೆಲಮಟ್ಟದ ಗೋಡೆಗೆ ಬಡಿಯುವಾಗ ಶಟರ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೊಸಬಾಗಿಲು ಅವರೇ, ಮನೆ ನಿಂತಿದೆ ಎಂದ ಏಜೆಂಟರನ್ನು ಒಳಗೆ ಎಷ್ಟು ನೀರು ನಿಂತಿತ್ತು ಎಂದು ಕೇಳಿದಿರಾ?

ಮೂರನೇಮೆಟ್ಟಿಲು:
ಇಯಾನ್ ದಿನ ಮನೆಯೊಳಗೇ ಉಳಿದವರಲ್ಲಿ ನಾವೂ ಸೇರಿದ್ದೇವೆ, ಆದ್ದರಿಂದ ಬರೆಯುತ್ತಿದ್ದೇನೆ. ಆಗ ನಾವಿದ್ದದ್ದು ಅಯೋನಾ ಪ್ರದೇಶದ ಎರಡಂತಸ್ತಿನ ಬಾಡಿಗೆ ಮನೆಯಲ್ಲಿ. ಹಿಂದಿನ ದಿನಗಳಲ್ಲಿ ಮುನ್ಸೂಚನೆಯ ನಕ್ಷೆಗಳೆಲ್ಲ ಟ್ಯಾಂಪಾ ಕಡೆಗೆ ಬೆರಳು ತೋರಿಸುತ್ತಿದ್ದವು. ಟ್ಯಾಂಪಾದ ಸ್ನೇಹಿತರು ನಮ್ಮ ಕಡೆಗೇ ಬರುವ ಯೋಚನೆಯಲ್ಲಿದ್ದರು. ಸೆಪ್ಟೆಂಬರ್ 27ರ ಬೆಳಿಗ್ಗೆ ಕೌಂಟಿಯ ಸ್ಥಳಾಂತರದ ಆದೇಶ ಬಂತು, 28ರ ಮಧ್ಯಾಹ್ನ ಮೂರರ ಹೊತ್ತಿಗೆ ಚಂಡಮಾರುತ ನೆಲ ಮುಟ್ಟಿತು. ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ಯೋಚಿಸುವುದರಲ್ಲೇ ಆ ನಡುವಿನ ಹೊತ್ತು ಕಳೆದುಹೋಯಿತು.

ಗಾಳಿಯ ಸದ್ದಿಗೆ ಕೆಲವು ಗಂಟೆಗಳಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ನೀರು ಸದ್ದಿಲ್ಲದೆ ಬರುತ್ತದೆ. ಮೊದಲು ಕೆಳಗಿನ ಶೌಚಾಲಯದಲ್ಲಿ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಆಮೇಲೆ ಹಿಂಬದಿಯ ಜಾರುಬಾಗಿಲಿನ ಹಳಿಯಿಂದ ತೆಳುವಾಗಿ ನೀರು ಇಣುಕಿತು. ಟವೆಲ್ಲುಗಳನ್ನು ಹಿಂಡಿ ಹಿಂಡಿ ಒತ್ತಿದೆವು. ಗಾಜಿನ ಆಚೆ ನೋಡಿದರೆ ನೀರಿನ ಮಟ್ಟ ಬಾಗಿಲಿನ ಹಿಡಿಕೆಯ ಸಮಕ್ಕೆ ಬಂದಿತ್ತು; ಒಳಗೆ ಕಾಲುಗಂಟು ಮುಳುಗುವಷ್ಟು, ಹೊರಗೆ ಸೊಂಟದಷ್ಟು. ಗಾಜು ಒಡೆಯುವ ಮುನ್ನ ಮೇಲಕ್ಕೆ ಓಡಿದೆವು. ಫ್ರಿಜ್ ಅಡ್ಡಬಿದ್ದು ತೇಲುತ್ತಾ ಮೆಟ್ಟಿಲಿನ ಕಟಾಂಜನಕ್ಕೆ ಬಡಿಯುತ್ತಿದ್ದುದು ಮೇಲಿನ ಕೋಣೆಗೂ ಕೇಳುತ್ತಿತ್ತು. ಮೇಲಿನಿಂದ ಮೂರನೇ ಮೆಟ್ಟಿಲಿನವರೆಗೆ ನೀರು ಏರಿ ನಿಂತಿತು. ಎದುರು ಸಾಲಿನಲ್ಲಿ ಒಂಟಿ ಅಂತಸ್ತಿನ ಮನೆಗಳಿದ್ದವು. ಅಲ್ಲಿದ್ದವರಲ್ಲಿ ಕೆಲವರು ಅಟ್ಟಕ್ಕೆ ಹತ್ತಿದರು, ಒಬ್ಬರು ಅಡುಗೆಮನೆಯ ಕಟ್ಟೆಯ ಮೇಲೆ ನಿಂತು ಚಾವಣಿಗೆ ತಲೆ ತಾಗುವವರೆಗೆ ಕಾದರು. ಹೊಸಬಾಗಿಲು ಅವರೇ, ನಿಮ್ಮದು ಒಂಟಿ ಅಂತಸ್ತಿನ ಮನೆ, ಅತ್ತೆಯವರಿಗೆ ಮಂಡಿನೋವು. ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿಪಾಳಿ:
ಈ ಭಾಗದಲ್ಲಿ ದಾದಿಯಾಗಿ ಕೆಲಸ ಮಾಡುತ್ತೇನೆ. ಚಂಡಮಾರುತ ದಾಟಿದ ಮರುದಿನದಿಂದಲೇ ಇನ್ನೊಂದು ಸರಣಿ ಶುರುವಾಗುತ್ತದೆ. ಕೌಂಟಿಯ ಆಸ್ಪತ್ರೆಗಳಲ್ಲಿ ನೀರಿನ ಒತ್ತಡವೇ ಕುಸಿದು ರೋಗಿಗಳನ್ನು ಬೇರೆ ಊರುಗಳಿಗೆ ಸಾಗಿಸಬೇಕಾಯಿತು. ಗ್ಯಾರೇಜಿನೊಳಗೆ ಜನರೇಟರ್ ಹಚ್ಚಿ ಕಾರ್ಬನ್ ಮೊನಾಕ್ಸೈಡ್ ಕುಡಿದವರು, ಏಣಿಯಿಂದ ಬಿದ್ದವರು, ಕೊಳಕು ಉಪ್ಪುನೀರಿನಲ್ಲಿ ಗಾಯದ ಕಾಲಿಟ್ಟು ವಿಬ್ರಿಯೊ ಸೋಂಕು ಹತ್ತಿಸಿಕೊಂಡವರು ಬರತೊಡಗಿದರು. ವಿಬ್ರಿಯೊ ಬೆಚ್ಚಗಿನ ಉಪ್ಪುನೀರಿನ ಬ್ಯಾಕ್ಟೀರಿಯಾ. ಮಧುಮೇಹ ಅಥವಾ ಯಕೃತ್ತಿನ ತೊಂದರೆ ಇರುವವರಲ್ಲಿ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಎರವಾಗಬಹುದು. ನಮ್ಮವರಲ್ಲಿ ಮಧುಮೇಹ ಎಷ್ಟು ಮನೆಗಳಲ್ಲಿದೆ ಎಂಬುದು ಗೊತ್ತೇ ಇದೆ. ಇನ್ಸುಲಿನ್ ತಂಪಾಗಿಡಲು ವಿದ್ಯುತ್ ಬೇಕು, ಆಮ್ಲಜನಕದ ಯಂತ್ರಕ್ಕೂ ಬೇಕು.

ಊರು ಬಿಡುವುದೆಂದರೆ ಜಾರ್ಜಿಯಾದವರೆಗೆ ಓಡುವುದಲ್ಲ. ಉಬ್ಬರದ ವಲಯದಿಂದ ಹೊರಗೆ, ಹತ್ತಿಪ್ಪತ್ತು ಮೈಲಿ ಒಳನಾಡಿನಲ್ಲಿ, ಎತ್ತರದ ಜಾಗದ ಗಟ್ಟಿ ಕಟ್ಟಡವೊಂದು ಸಿಕ್ಕರೆ ಸಾಕು. ಅತ್ತೆಯವರ ಹೆಸರನ್ನು ಕೌಂಟಿಯ ವಿಶೇಷ ಅಗತ್ಯದವರ ಪಟ್ಟಿಯಲ್ಲಿ ಮೊದಲೇ ನೋಂದಾಯಿಸಿ. ಚಂಡಮಾರುತ ಮೆಕ್ಸಿಕೊ ಕೊಲ್ಲಿಗೆ ಬಂದ ಮೇಲೆ ಆ ಕೆಲಸಕ್ಕೆ ಕುಳಿತರೆ ಸಾಲು ಉದ್ದವಿರುತ್ತದೆ.

ಪಾಲಿಸಿಪತ್ರ:
ಕಂಬಿ-ಕಾಂಕ್ರೀಟು ಅವರು ಕೇಳಿದ ಪ್ರಶ್ನೆಯನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ಹೊಚ್ಚಹೊಸ ಗೋಡೆ ಎಂಬ ಮಾತು ಓದಿದ ಕೂಡಲೇ ನನ್ನ ವೃತ್ತಿಯ ಕಣ್ಣು ಅಲ್ಲಿಗೇ ಹೋಯಿತು. ಇಲ್ಲಿನ ಮನೆಗಳ ಒಳಗೋಡೆಗೆ ಬಳಸುವ ಡ್ರೈವಾಲ್ ಹಲಗೆ ನೀರನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ನೀರು ನಿಂತ ಮನೆಗಳಲ್ಲಿ ಅದನ್ನು ನೆಲದಿಂದ ನಾಲ್ಕು ಅಡಿಯವರೆಗೆ ಕತ್ತರಿಸಿ, ಒಳಗಿನ ಮರದ ಚೌಕಟ್ಟನ್ನು ಒಣಗಿಸಿ, ಮತ್ತೆ ಹೊಸ ಹಲಗೆ ಕೂರಿಸುತ್ತಾರೆ. ಬಣ್ಣ ಬಳಿದ ಮೇಲೆ ಗುರುತು ಸಿಗುವುದಿಲ್ಲ. ಮಾರುವವರು ಹಿಂದಿನ ಪ್ರವಾಹದ ವಿಮಾ ಕ್ಲೇಮು ಮತ್ತು ಫೆಡರಲ್ ನೆರವಿನ ವಿವರವನ್ನು ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂಬ ಕಾನೂನು ಫ್ಲೋರಿಡಾದಲ್ಲಿ ಜಾರಿಗೆ ಬಂದದ್ದೇ 2024ರ ಅಕ್ಟೋಬರ್ 1ರಿಂದ. ಆ ಕಾಗದ ಕೈಗೆ ಬರುವವರೆಗೆ ಒಂದು ಡಾಲರನ್ನೂ ಬಿಚ್ಚಬೇಡಿ. ನಗರಸಭೆಯ ಕಡತದಲ್ಲಿ ಆ ದುರಸ್ತಿಗೆ ಪರವಾನಗಿ ಇದೆಯೇ ಎಂಬುದನ್ನೂ ನೋಡಿ.

ಪರವಾನಗಿ ಏಕೆ ಮುಖ್ಯ ಎಂದರೆ ಇಲ್ಲಿ ಶೇಕಡಾ 50ರ ನಿಯಮವೊಂದಿದೆ. ಪ್ರವಾಹ ವಲಯದ ಹಳೆಯ ಮನೆಯ ದುರಸ್ತಿ ವೆಚ್ಚ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧವನ್ನು ಮುಟ್ಟಿದರೆ ಅಥವಾ ದಾಟಿದರೆ, ಇಡೀ ಮನೆಯನ್ನು ಇಂದಿನ ನಿಯಮ ಹೇಳುವ ಎತ್ತರಕ್ಕೆ ಏರಿಸಬೇಕು ಅಥವಾ ಕೆಡವಬೇಕು. ಗಮನಿಸಿ, ಕಟ್ಟಡದ ಬೆಲೆ ಮಾತ್ರ, ನಿವೇಶನದ್ದಲ್ಲ. ಕಾಲುವೆ ದಂಡೆಯಲ್ಲಿ ಬೆಲೆಯೆಲ್ಲ ನಿವೇಶನದಲ್ಲೇ ಇರುವುದರಿಂದ ಹಳೆಯ ಪುಟ್ಟ ಮನೆಗಳು ಸುಲಭವಾಗಿ ಈ ಗೆರೆ ದಾಟುತ್ತವೆ. ಅದನ್ನು ತಪ್ಪಿಸಿಕೊಳ್ಳಲು ಹಲವರು ಪರವಾನಗಿ ಇಲ್ಲದೆ ರಿಪೇರಿ ಮುಗಿಸಿದರು. ಇದನ್ನು ಕಂಡ ಫೀಮಾ, ಅಂದರೆ ವಿಪತ್ತು ನಿರ್ವಹಣೆಯ ಫೆಡರಲ್ ಸಂಸ್ಥೆ, ಲೀ ಕೌಂಟಿಗೂ ಅದರೊಳಗಿನ ಕೆಲವು ಊರುಗಳಿಗೂ ಪ್ರವಾಹ ವಿಮೆಯಲ್ಲಿ ಸಿಗುತ್ತಿದ್ದ ರಿಯಾಯಿತಿಯನ್ನು ಹಿಂತೆಗೆಯುವುದಾಗಿ 2024ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನೀವು ಕೊಂಡ ಮೇಲೆ ಆ ಹಳೆಯ ರಿಪೇರಿಯ ಬಾಬತ್ತೂ ನಿಮ್ಮ ತಲೆಗೇ ಬರಬಹುದು.

ಇನ್ನು ವಿಮೆ. ಸಾಮಾನ್ಯ ಗೃಹವಿಮೆ ಗಾಳಿಯ ಹಾನಿಗೆ ಕೊಡುತ್ತದೆ, ಪ್ರವಾಹಕ್ಕೆ ಕೊಡುವುದಿಲ್ಲ. ಕಡಲುಬ್ಬರವೂ ಪ್ರವಾಹದ ಲೆಕ್ಕಕ್ಕೇ ಸೇರುತ್ತದೆ. ಚಂಡಮಾರುತದ ಹಾನಿಯಲ್ಲಿ ನಿಮ್ಮ ಕೈಯಿಂದ ಹೋಗುವ ಮೊದಲ ಪಾಲನ್ನು ಸಾಮಾನ್ಯವಾಗಿ ಮನೆಯ ವಿಮಾ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಹಾಕುತ್ತಾರೆ. 1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಮನೆಗೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್ ಕೊಡುತ್ತದೆ. ಸಾಲ ಪಡೆದು ಮನೆ ಕೊಳ್ಳುವ ದಿನ ಅದನ್ನು ಮಾಡಿಸಿದರೆ ಸರಿ, ಆಮೇಲೆ ಮಾಡಿಸಿದರೆ ಜಾರಿಗೆ ಬರಲು 30 ದಿನ ಕಾಯಬೇಕು. ಇಯಾನ್ ನಂತರ ಗಾಳಿಯ ವಿಮೆಯವರು "ಇದು ನೀರಿನ ಹಾನಿ" ಎಂದೂ ನೀರಿನವರು "ಇದು ಗಾಳಿಯದು" ಎಂದೂ ಕೈತೋರಿಸುವುದನ್ನು, ನಡುವೆ ಮನೆಯವರು ಫೋಟೋಗಳ ಕಟ್ಟು ಹಿಡಿದು ಅಲೆಯುವುದನ್ನು ಸಾಕಷ್ಟು ನೋಡಿದ್ದೇನೆ.

ಹಳೇಬೇರು:
ಪಾಲಿಸಿಪತ್ರ ಅವರ ಮಾಹಿತಿಗೆ ಧನ್ಯವಾದ. ಆದರೂ ಒಂದು ಮಾತು. ಕಡಲತೀರವನ್ನೇ ಅಪರಾಧಿಯಂತೆ ನೋಡುವುದು ನ್ಯಾಯವೇ? 2024ರ ಹೆಲೀನ್ ಚಂಡಮಾರುತದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಕಡಲಿನಿಂದ ನೂರಾರು ಮೈಲಿ ದೂರದ ಉತ್ತರ ಕ್ಯಾರೊಲೈನಾದ ಗುಡ್ಡಗಾಡಿನಲ್ಲಿ. ಇಯಾನ್ ಮಳೆಗೆ ಒರ್ಲ್ಯಾಂಡೋದ ಬೀದಿಗಳಲ್ಲೂ ದೋಣಿ ಓಡಿದವು. ಅಪಾಯವಿಲ್ಲದ ಊರು ಯಾವುದಿದೆ? ಇಲ್ಲಿ ನಿವೃತ್ತರಿದ್ದಾರೆ, ಮೀನುಗಾರರಿದ್ದಾರೆ, ಹೋಟೆಲಿನಲ್ಲಿ ದುಡಿಯುವವರಿದ್ದಾರೆ. ಕಟ್ಟಬಾರದಿತ್ತು ಎಂದು ಈಗ ಹೇಳುವುದು ಸುಲಭ.

ಕಂಬಿ-ಕಾಂಕ್ರೀಟು:
ಹೆಲೀನ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಗುಡ್ಡಗಾಡಿನ ಅಪ್ಪಲೇಚಿಯನ್ ಕಣಿವೆಗಳಲ್ಲಿ ಅಂಥದ್ದು ಅಪರೂಪ, ಇಲ್ಲಿ ಅದು ನಿರೀಕ್ಷಿತ. ಫೀಮಾ ನಕ್ಷೆಯ "ನೂರು ವರ್ಷದ ಪ್ರವಾಹ" ಎಂಬ ಹೆಸರು ಕೇಳಿ ಜನ ನೆಮ್ಮದಿಯಾಗಿರುತ್ತಾರೆ. ವರ್ಷಕ್ಕೆ ಶೇಕಡಾ 1ರ ಸಾಧ್ಯತೆ ಎಂಬುದು ಅದರ ಅರ್ಥ. 30 ವರ್ಷದ ಗೃಹಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು ಶೇಕಡಾ 26 ಆಗುತ್ತದೆ, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಕಡಲಮಟ್ಟ ಏರುತ್ತಿರುವುದನ್ನು ಇದರಲ್ಲಿ ಸೇರಿಸಿಲ್ಲ.

ಕೇಪ್ ಕೋರಲ್ ಹೇಗೆ ಹುಟ್ಟಿತೆಂಬುದನ್ನು ಹೊಸಬರು ತಿಳಿದಿರಬೇಕು. 1957ರಲ್ಲಿ ಬಾಲ್ಟಿಮೋರ್‌ನ ರೋಸೆನ್ ಸಹೋದರರು ಇಲ್ಲಿನ ಜೌಗುನೆಲ ಕೊಂಡರು. ಕಾಂಡ್ಲಾ ಕಾಡು ಕಡಿದು, ಕಾಲುವೆ ತೋಡಿ, ತೋಡಿದ ಮಣ್ಣನ್ನೇ ಪಕ್ಕದಲ್ಲಿ ಸುರಿದು ನಿವೇಶನ ಮಾಡಿ, ಮಂಜಿನ ನಾಡುಗಳ ಜನರಿಗೆ ಕಂತಿನ ಮೇಲೆ ಮಾರಿದರು. ಇವತ್ತು ಆ ಊರಿನಲ್ಲಿ ಸುಮಾರು 400 ಮೈಲಿ ಕಾಲುವೆಗಳಿವೆ, 2020ರ ಜನಗಣತಿಯಂತೆ ಎರಡು ಲಕ್ಷಕ್ಕೆ ಸಮೀಪ ಜನರಿದ್ದಾರೆ. ಅಲೆಯ ಬಲ ಮುರಿಯುತ್ತಿದ್ದ ಕಾಂಡ್ಲಾ ಹೋಯಿತು, ಉಬ್ಬರದ ನೀರಿಗೆ ಮನೆ ಬಾಗಿಲಿನವರೆಗೆ ದಾರಿ ಸಿದ್ಧವಾಯಿತು. 1970ರಲ್ಲಿ ಲೀ ಕೌಂಟಿಯ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. 2020ರ ಹೊತ್ತಿಗೆ ಏಳೂವರೆ ಲಕ್ಷ ದಾಟಿತ್ತು. ಚಂಡಮಾರುತದ ದಾರಿಗೆ ಅಷ್ಟು ಜನರನ್ನು ತಂದು ನಿಲ್ಲಿಸಿದ್ದು ಪ್ರಕೃತಿಯಲ್ಲ, ನಕ್ಷೆಗೆ ಮೊಹರು ಒತ್ತಿದ ಕಚೇರಿಗಳು, ಅಗ್ಗದ ಪ್ರವಾಹ ವಿಮೆ ಮತ್ತು ಪ್ರತಿ ಬಾರಿಯೂ ಸೇತುವೆ, ರಸ್ತೆ, ಮರಳನ್ನು ಮತ್ತೆ ತುಂಬಿಕೊಡುವ ಸರ್ಕಾರದ ಹಣ. 2017ರಲ್ಲಿ ಅಮೆರಿಕದ ಸಂಸತ್ತು ಆ ವಿಮಾ ಯೋಜನೆಯ 16 ಶತಕೋಟಿ ಡಾಲರ್ ಸಾಲ ಮನ್ನಾ ಮಾಡಿತು. ಆಮೇಲೂ 20 ಶತಕೋಟಿಗೂ ಹೆಚ್ಚು ಸಾಲ ಉಳಿಯಿತು. ಇಲ್ಲಿ ಕಾಲಿಡದ ತೆರಿಗೆದಾರರೂ ಆ ಹೊರೆ ಹೊತ್ತಿದ್ದಾರೆ.

ಕಟ್ಟದೇ ಇರಲು ಸಾಧ್ಯವಿರಲಿಲ್ಲವೇ ಎಂದರೆ, ಸಾಧ್ಯವಿತ್ತು. 1982ರಲ್ಲೇ ಬಂದ ತೀರದ ತಡೆದ್ವೀಪಗಳ ಕಾಯ್ದೆಯು ಆಗ ಖಾಲಿ ಇದ್ದ ಕೆಲವು ದ್ವೀಪಗಳನ್ನು ಗುರುತಿಸಿ, ಅಲ್ಲಿ ಕಟ್ಟುವವರಿಗೆ ಫೆಡರಲ್ ಪ್ರವಾಹ ವಿಮೆ ಇಲ್ಲ ಎಂದಿತು. ನಿಷೇಧ ಹೇರಲಿಲ್ಲ, "ನಿಮ್ಮ ಹಣದಲ್ಲಿ, ನಿಮ್ಮ ಹೊಣೆಯಲ್ಲಿ ಕಟ್ಟಿ" ಎಂದಿತು, ಅಷ್ಟೇ. ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. ಫೋರ್ಟ್ ಮೈಯರ್ಸ್‌ನಿಂದ ಈಶಾನ್ಯಕ್ಕಿರುವ ಬ್ಯಾಬ್‌ಕಾಕ್ ರ‍್ಯಾಂಚ್ ಎಂಬ ಹೊಸ ಊರನ್ನು ಕಡಲಮಟ್ಟದಿಂದ ಸುಮಾರು 30 ಅಡಿ ಎತ್ತರದ ನೆಲದಲ್ಲಿ, ಮಳೆನೀರು ಇಂಗುವ ಜೌಗನ್ನು ಉಳಿಸಿಕೊಂಡು, ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಿ ಕಟ್ಟಿದರು. ಇಯಾನ್‌ನಲ್ಲಿ ಅಲ್ಲಿ ಕರೆಂಟೂ ಹೋಗಲಿಲ್ಲ. ಅದು ದುಬಾರಿ ಊರು, ಎಲ್ಲರ ಕೈಗೆಟುಕುವುದಲ್ಲ ಎಂಬುದೂ ನಿಜ.

ಪಡುಗಡಲು:
ನಾನು ಉಳ್ಳಾಲದ ಹತ್ತಿರದವನು, ಓದುತ್ತಾ ಬಂದಿದ್ದೇನೆ. ನಮ್ಮ ಉಚ್ಚಿಲ, ಸೋಮೇಶ್ವರದ ಕಡೆ ಅಷ್ಟು ದೊಡ್ಡ ಚಂಡಮಾರುತ ನೆಲ ಮುಟ್ಟುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ದಡಕ್ಕೆ ಬರದೆ ಕಡಲಲ್ಲೇ ಉತ್ತರಕ್ಕೆ ಹೋಯಿತು. ಆದರೂ ರಸ್ತೆ, ತೆಂಗಿನಮರ, ಮನೆಯ ಅಂಗಳ ಕಡಲು ಪಾಲಾದವು. ಪ್ರತಿ ಮಳೆಗಾಲ ಕಡಲ್ಕೊರೆತ ಶುರುವಾದಾಗ ಲಾರಿಗಟ್ಟಲೆ ಬಂಡೆಕಲ್ಲು ತಂದು ಸುರಿಯುತ್ತಾರೆ, ಕೊರೆತ ಪಕ್ಕದವನ ಜಾಗಕ್ಕೆ ಸರಿಯುತ್ತದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಜನದಟ್ಟಣೆಯ ಗ್ರಾಮಗಳಲ್ಲಿ ಕಡಲಂಚಿನ ಕಟ್ಟಡ ನಿಷಿದ್ಧ ಜಾಗದ ಅಗಲವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ತಲೆತಲಾಂತರದಿಂದ ಅಲ್ಲಿರುವ ಮೊಗವೀರರು ಮನೆ ರಿಪೇರಿ ಮಾಡಿಕೊಳ್ಳಲು ಇದರಿಂದ ಅನುಕೂಲವಾಗಲಿ ಎಂಬುದು ಒಪ್ಪುವ ಮಾತು. ಆದರೆ ಅದೇ ಬಾಗಿಲಿನಿಂದ ರೆಸಾರ್ಟುಗಳೂ ಒಳಗೆ ಬರುತ್ತವೆ. ದೋಣಿ ಎಳೆಯುವವನು ಕಡಲ ಬಳಿ ಇರಲೇಬೇಕು. ವಾರಾಂತ್ಯಕ್ಕೆ ಬರುವವನಿಗೆ ಆ ಅಗತ್ಯವಿಲ್ಲ. ಹಳೇಬೇರು ಅವರು ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸಿದ್ದು ನನಗೆ ಸರಿಕಾಣಲಿಲ್ಲ.

ಮೂರನೇಮೆಟ್ಟಿಲು:
ಪಡುಗಡಲು ಅವರ ಮಾತಿಗೆ ಒಂದು ಸೇರಿಕೆ. ನಮ್ಮ ಅಯೋನಾದಲ್ಲಿ ಮೊಬೈಲ್ ಹೋಮ್‌ಗಳಲ್ಲಿದ್ದವರು ಮರಳಿ ಬರಲೇ ಇಲ್ಲ. ಹೊಸ ನಿಯಮದಂತೆ ಎತ್ತರಿಸಿ ಕಟ್ಟುವಷ್ಟು ಹಣ ಅವರಲ್ಲಿರಲಿಲ್ಲ. ಆ ನಿವೇಶನಗಳಲ್ಲಿ ಈಗ ಕಂಬಗಳ ಮೇಲಿನ ದೊಡ್ಡ ಮನೆಗಳು ಏಳುತ್ತಿವೆ. ಅಪಾಯ ಹೋಗಿಲ್ಲ, ಒಡೆಯರು ಬದಲಾಗಿದ್ದಾರೆ.

ಹಳೇಬೇರು:
ಮೀನುಗಾರರ ವಿಷಯದಲ್ಲಿ ಪಡುಗಡಲು ಅವರ ವ್ಯತ್ಯಾಸವನ್ನು ಒಪ್ಪುತ್ತೇನೆ. ಊರು ಬಿಡುವ ವಿಷಯದಲ್ಲಿ ಮಾತ್ರ ನನ್ನ ಆಕ್ಷೇಪ ಉಳಿದಿದೆ: ಐದು ಬಾರಿ ಹೊರಟು ನಾಲ್ಕು ಬಾರಿ ಏನೂ ಆಗದಿದ್ದರೆ ಆರನೇ ಬಾರಿ ಯಾರು ಹೊರಡುತ್ತಾರೆ?

ರಾತ್ರಿಪಾಳಿ:
ಅದಕ್ಕೇ ನಕ್ಷೆ ಓದುವುದನ್ನು ಕಲಿಯಬೇಕು. ರಾಷ್ಟ್ರೀಯ ಚಂಡಮಾರುತ ಕೇಂದ್ರದ ಆ ಕೋನಾಕಾರದ ಚಿತ್ರ, ಚಂಡಮಾರುತದ ಕೇಂದ್ರ ಎಲ್ಲಿ ಹಾದುಹೋಗಬಹುದು ಎಂಬುದನ್ನಷ್ಟೇ ತೋರಿಸುತ್ತದೆ. ಸುಮಾರು ಮೂರರಲ್ಲಿ ಒಂದು ಬಾರಿ ಕೇಂದ್ರ ಅದರ ಹೊರಗೂ ಹೋಗುತ್ತದೆ. ಕಡಲುಬ್ಬರದ ಎಚ್ಚರಿಕೆಗೆ ಬೇರೆಯೇ ನಕ್ಷೆ ಇದೆ. ಇಲ್ಲಿನ ಕೊಲ್ಲಿ ತೀರದಲ್ಲಿ, ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿ ನೋಡಿದಾಗ, ನಾವು ಕೇಂದ್ರದ ಎಡಕ್ಕಿದ್ದರೆ ಗಾಳಿ ನೀರನ್ನು ದಡದಿಂದಾಚೆ ತಳ್ಳುತ್ತದೆ, ಬಲಕ್ಕಿದ್ದರೆ ದಡಕ್ಕೆ ತಳ್ಳುತ್ತದೆ. ಇಯಾನ್ ದಿನ ಟ್ಯಾಂಪಾ ಕೊಲ್ಲಿ ಬರಿದಾಗಿ ಜನ ತಳದ ಕೆಸರಿನ ಮೇಲೆ ನಡೆದಾಡಿದರು. ಅದೇ ಹೊತ್ತಿಗೆ ಇತ್ತ ಮನೆಗಳು ಮುಳುಗುತ್ತಿದ್ದವು. ಏನೂ ಆಗದ ನಾಲ್ಕು ಬಾರಿಯಲ್ಲಿ ಕೆಲವು, ಕೇಂದ್ರ ಕೆಲವೇ ಮೈಲಿ ಪಕ್ಕಕ್ಕೆ ಸರಿದದ್ದರಿಂದ ಆದವು.

ಹೊಸಬಾಗಿಲು:
ಎಲ್ಲರಿಗೂ ಕೃತಜ್ಞತೆಗಳು. ಕೇಳಬೇಕಾದದ್ದನ್ನೆಲ್ಲ ಕೇಳಿದೆವು. ಎತ್ತರದ ಪ್ರಮಾಣಪತ್ರದ ಪ್ರಕಾರ ಮನೆಯ ನೆಲ, ಫೀಮಾ ನಕ್ಷೆಯ ಪ್ರವಾಹ ಮಟ್ಟಕ್ಕಿಂತ ಮೂರು ಅಡಿ ಕೆಳಗಿದೆ. ಪ್ರವಾಹದ ಕ್ಲೇಮು ಪಡೆದದ್ದು ನಿಜವೆಂದು ಮಾರುವವರು ಬರೆದುಕೊಟ್ಟಿದ್ದಾರೆ. ವಿದ್ಯುತ್ ಕೆಲಸಕ್ಕೆ ಪರವಾನಗಿ ಇದೆ, ಗೋಡೆ ಮತ್ತು ಅಡುಗೆಮನೆಯ ಕೆಲಸಕ್ಕೆ ಇಲ್ಲ. ಸ್ಥಳಾಂತರದ ಮೊದಲ ವಲಯವಾದ 'ಎ' ವಲಯದಲ್ಲಿದೆ. ಆ ಮನೆ ಬಿಟ್ಟಿದ್ದೇವೆ. ಕಾಲುವೆ ನೋಡುತ್ತಾ ಕಾಫಿ ಕುಡಿಯುವ ಆಸೆ ನನ್ನವರಿಗೆ ಇನ್ನೂ ಇದೆ, ಆದ್ದರಿಂದ ಮೊದಲ ವರ್ಷ ಅಂಥ ಕಡೆ ಬಾಡಿಗೆಗೆ ಎರಡನೇ ಮಹಡಿಯಲ್ಲಿ ಇರೋಣ ಎನ್ನುತ್ತಿದ್ದಾರೆ. ಕೊಳ್ಳುವುದಾದರೆ ಒಳನಾಡಿನ ಲೀಹೈ ಏಕರ್ಸ್ ಹೇಗೆ?

ಪಾಲಿಸಿಪತ್ರ:
ಬಾಡಿಗೆಗೆ ಇರುವುದಾದರೂ ಸಾಮಾನಿಗೆ ಪ್ರವಾಹ ವಿಮೆ ಪ್ರತ್ಯೇಕವಾಗಿ ಮಾಡಿಸಬಹುದು. ಕಾರನ್ನು ಮಾತ್ರ ಕೆಳಗೇ ನಿಲ್ಲಿಸಬೇಕಾಗುತ್ತದೆ. ಎಲೆಕ್ಟ್ರಿಕ್ ಕಾರಾದರೆ ಉಪ್ಪುನೀರು ಹೊಕ್ಕ ಬ್ಯಾಟರಿಗೆ ದಿನಗಳ ನಂತರವೂ ಬೆಂಕಿ ಹತ್ತಿಕೊಳ್ಳುವುದುಂಟು, ಚಂಡಮಾರುತದ ಸೂಚನೆ ಬಂದಾಗ ಮೊದಲು ಅದನ್ನು ಎತ್ತರದ ಕಡೆ ಬಿಟ್ಟುಬನ್ನಿ.

ಕಂಬಿ-ಕಾಂಕ್ರೀಟು:
ಲೀಹೈ ಏಕರ್ಸ್‌ಗೆ ಕಡಲುಬ್ಬರದ ಭಯ ಕಡಿಮೆ, ಆದರೆ ಅಲ್ಲಿಯೂ ಮಳೆನೀರು ನಿಲ್ಲುವ ಬೀದಿಗಳಿವೆ. ಬಹಳಷ್ಟು ಮನೆಗಳಿಗೆ ಸ್ವಂತ ಬಾವಿ ಮತ್ತು ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಕುಡಿಯುವ ನೀರಿನ ಪರೀಕ್ಷೆ ಮಾಡಿಸಿ, 2002ರ ನಂತರ ಕಟ್ಟಿದ ಮನೆಗಳನ್ನೇ ಮೊದಲು ನೋಡಿ. ಜೋರು ಮಳೆ ಬಂದ ಮರುದಿನ ಒಮ್ಮೆ ಆ ಬೀದಿಯಲ್ಲಿ ನಡೆದುಬಂದು, ಚರಂಡಿಯ ನೀರು ಯಾವ ಕಡೆ ಹರಿಯುತ್ತಿದೆ ಎಂದು ಇಲ್ಲಿ ಬರೆಯಿರಿ, ಮುಂದಿನದನ್ನು ನೋಡೋಣ.